ಭಂಗಾರ್‌ನಲ್ಲಿ ಬಂಗಾರ ಎಷ್ಟು? ಹಂಡೆಯ ಲೆಕ್ಕ, ಫ್ರಿಜ್ಜಿನ ಲೆಕ್ಕ

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲಿ ಕೂತು ನೋಡ್ತಿದ್ದೀರೋ ಅಲ್ಲಿಂದಲೇ ನಿಮ್ಮ ಮನೆಯ ಬಾಲ್ಕನಿ ಕಡೆ ಒಂದು ಸಲ ಕಣ್ಣು ಹಾಯಿಸಿ. ಒಂದು ಹಳೇ ಮಿಕ್ಸಿ, ತಿರುಗದ ಟೇಬಲ್ ಫ್ಯಾನು, ಡಬ್ಬದಂಥ ಟಿವಿ ಇದ್ದೇ ಇರುತ್ತೆ. ಇವತ್ತಿನ ಮಾತು ಅದರ ಬಗ್ಗೆ. ನಮ್ಮೂರಿನ ಗುಜರಿ ದೆಹಲಿಯಲ್ಲಿ ಕಬಾಡ್, ಚೆನ್ನೈಯಲ್ಲಿ ಕಾಯಲಾನ್ ಕಡೈ, ಮುಂಬೈಯಲ್ಲಿ ಭಂಗಾರ್. ಹೊಸದಾಗಿ ಮುಂಬೈಗೆ ಬಂದ ಕನ್ನಡದವರಿಗೆ ಬೀದಿಯಲ್ಲಿ ‘ಭಂಗಾರ್‌ವಾಲಾ’ ಅಂತ ಕೂಗಿದ್ರೆ ಬಂಗಾರದವನು ಬಂದ ಅಂತ ಕೇಳಿಸುತ್ತೆ. ತಮಾಷೆ ಇರಲಿ, ಆದರೆ ಹಳೇ ಸಾಮಾನಿನೊಳಗೆ ಬಂಗಾರದಂಥದ್ದು ಏನೋ ಇದೆ, ಬಿಚ್ಚೋದಷ್ಟೇ ಬಾಕಿ ಅನ್ನೋ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕಿದೆ.

ಪುಣೆಯ ಒಬ್ಬ ವೀಕ್ಷಕರು ಕೇಳಿದ ಪ್ರಶ್ನೆಯೂ ಅದೇ. ಅವರ ಮನೆಯಲ್ಲಿ 165 ಲೀಟರಿನ, ಸುಮಾರು 25 ವರ್ಷದ ಫ್ರಿಜ್ಜಿದೆಯಂತೆ. ಭಂಗಾರ್‌ವಾಲಾ 800 ರೂಪಾಯಿ ಅಂದನಂತೆ. “ಒಳಗೆ ತಾಮ್ರ ಇರುತ್ತಲ್ಲ ಸರ್, ನಾವೇ ಬಿಚ್ಚಿ ತೂಕಕ್ಕೆ ಹಾಕಿದ್ರೆ ಗಿಟ್ಟಲ್ವಾ?”

ಈ ಪ್ರಶ್ನೆಯ ಹಿಂದೆ ಒಂದು ಹಳೇ ಲೆಕ್ಕ ಇದೆ. ಮೊದಲು ಅದನ್ನ ನೋಡೋಣ.

ನಮ್ಮ ಅಜ್ಜಿಯರ ಮನೆಗಳಲ್ಲಿ ಲೋಹ ಅಂದ್ರೆ ಉಳಿತಾಯ. ಬಚ್ಚಲಮನೆಯ ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಕಂಚಿನ ತಟ್ಟೆ, ಇವನ್ನೆಲ್ಲ ಕೊಳ್ಳುವಾಗಲೂ ತೂಕಕ್ಕೆ, ಮಾರುವಾಗಲೂ ತೂಕಕ್ಕೆ. ತೂತಾದ ಕೊಡವನ್ನ ಬೋಗಾರರ ಅಂಗಡಿಗೆ ಕೊಟ್ಟರೆ ಹಳೇ ಲೋಹದ ಬೆಲೆ ಮುರಿದುಕೊಂಡು, ಮೇಲೆ ಮಜೂರಿ ಕೊಟ್ಟು, ಹೊಸ ಕೊಡ ತರಬಹುದಿತ್ತು. ಮರಾಠಿಯಲ್ಲಿ ಈ ಹಳೇ ಲೋಹಕ್ಕೆ ‘ಮೋಡ್’ ಅನ್ನೋ ಮಾತೇ ಇದೆ. ಚಿನ್ನಕ್ಕೂ ಅದೇ ಮಾತು, ಪಾತ್ರೆಗೂ ಅದೇ ಮಾತು. ಹುಬ್ಬಳ್ಳಿ-ಬೆಳಗಾವಿ ಕಡೆಯವರು ಗುಜರಿ ಸಾಮಾನಿಗೆ ‘ಮೋಡಕಾ’ ಅಂತಾರಲ್ಲ, ಅದೂ ಇದೇ ಮನೆತನದ ಪದ.

ಪುಣೆಯಲ್ಲಿರೋರು ಕಸಬಾ ಪೇಠೆಯ ತಾಂಬಟ್ ಆಳಿಗೆ ಒಮ್ಮೆ ಹೋಗಿ ಬನ್ನಿ. ಪೇಶ್ವೆಗಳ ಕಾಲದಿಂದ ತಾಮ್ರ ಬಡಿಯುವವರ ಓಣಿ ಅದು. ಅಲ್ಲಿ ಒಂದು ಕಾಲಕ್ಕೆ ಜೋರಾಗಿ ನಡೆದ ವಸ್ತು ‘ಬಂಬ್’, ಅಂದರೆ ಸ್ನಾನದ ನೀರು ಕಾಯಿಸೋ ತಾಮ್ರದ ಬಾಯ್ಲರು. ನಡುವೆ ಕೊಳವೆ, ಕೆಳಗೆ ಕೆಂಡ, ಸುತ್ತ ನೀರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲೂ ಇತ್ತು. ನನ್ನ ಪ್ರಕಾರ ನಮ್ಮ ಮಧ್ಯಮವರ್ಗದ ಮನೆಗಳು ಗುಜರಿಗೆ ಹಾಕಿದ ಮೊದಲ ‘ಯಂತ್ರ’ ಅಂದ್ರೆ ಇದೇ. ಕರೆಂಟಿನ ಗೀಸರು ಬಂತು, ಬಂಬ್ ಅಟ್ಟಕ್ಕೆ ಹೋಯ್ತು, ಅಟ್ಟದಿಂದ ತಕ್ಕಡಿಗೆ ಬಂತು. ಆಗ ಕೈಗೆ ಒಳ್ಳೇ ದುಡ್ಡೇ ಬಂತು. ಯಾಕಂದ್ರೆ ಬಂಬ್ ಅನ್ನೋದು ಮುಕ್ಕಾಲು ಮೂರುಪಾಲು ತಾಮ್ರವೇ. ಬಿಚ್ಚೋ ಕೆಲಸವೇ ಇಲ್ಲ. ಗುದ್ದಿ ಚಪ್ಪಟೆ ಮಾಡು, ತೂಗು.

ಗೀಸರಿನ ಮೊದಲ ತಲೆಮಾರಿಗೂ ಈ ಲೆಕ್ಕ ಸರಿಹೋಗ್ತಿತ್ತು. 1980-90ರ ದಶಕದ ಎಷ್ಟೋ ಗೀಸರ್‌ಗಳ ಒಳಗಿನ ಟ್ಯಾಂಕು ತಾಮ್ರದ್ದು. ಅಂಥದ್ದೊಂದು ನಿಮ್ಮ ಲಾಫ್ಟ್ ಮೇಲಿದ್ರೆ, ಹೊರಗಿನ ತಗಡು ಬಿಚ್ಚಿ ಟ್ಯಾಂಕನ್ನ ಬೇರೆ ತೂಗಿಸಿ. ಗಿಟ್ಟುತ್ತೆ, ನಿಜವಾಗ್ಲೂ ಗಿಟ್ಟುತ್ತೆ. ಈಗಿನ ಗೀಸರಿನಲ್ಲಿ ಬಹುಮಟ್ಟಿಗೆ ಒಳಗೆ ಗಾಜಿನ ಲೇಪ ಕೊಟ್ಟ ಉಕ್ಕಿನ ಟ್ಯಾಂಕು. ಅದು ಕಬ್ಬಿಣದ ದರಕ್ಕೇ ಹೋಗೋದು.

ಈಗ ಫ್ರಿಜ್ಜಿಗೆ ಬರೋಣ. ಭಾರತದ ಕಂಪನಿಯೊಂದು ಇಲ್ಲೇ ಫ್ರಿಜ್ಜು ತಯಾರಿಸೋಕೆ ಶುರು ಮಾಡಿದ್ದು 1958ರಲ್ಲಿ, ಗೋದ್ರೆಜ್. ಆಮೇಲೆ ಬಹಳ ವರ್ಷ ಫ್ರಿಜ್ಜು ಅಂದ್ರೆ ಮನೆಯವರೆಲ್ಲ ಸೇರಿ ಅರಿಶಿನ ಕುಂಕುಮ ಹಚ್ಚಿ ಒಳಗೆ ತಗೊಳ್ಳೋ ವಸ್ತು. 1982ರಲ್ಲಿ ಏಷ್ಯನ್ ಗೇಮ್ಸ್ ನೆಪದಲ್ಲಿ ಕಲರ್ ಟಿವಿ ಬಂತು. 1991ರ ನಂತರ ವಾಷಿಂಗ್ ಮೆಷಿನ್ನು, ಏಸಿ. ಹಳೇದು ಕೊಟ್ಟು ಹೊಸದು ಒಯ್ಯಿರಿ ಅನ್ನೋ ಎಕ್ಸ್‌ಚೇಂಜ್ ಮೇಳಗಳು ಶುರುವಾದವು. ಹಂಡೆಯನ್ನ ತೂಗಿ ಅಭ್ಯಾಸವಾದ ಕೈ ಇವನ್ನೂ ತೂಗೋಕೆ ಹೊರಟಿತು.

ಹಂಡೆ ಅನ್ನೋದು ಲೋಹ, ಫ್ರಿಜ್ಜು ಅನ್ನೋದು ಮಿಶ್ರಣ. ಮಿಶ್ರಣದಲ್ಲಿ ಬೆಲೆ ಇರೋದು ಬೇರ್ಪಡಿಸೋ ಕೂಲಿಯಲ್ಲಿ. ಆ ಕೂಲಿ ಯಾರದ್ದು, ಎಷ್ಟಕ್ಕೆ ಅನ್ನೋದರ ಮೇಲೆ ಗಿಟ್ಟೋದು ಬಿಡೋದು.

ಪುಣೆಯವರ ಫ್ರಿಜ್ಜನ್ನೇ ಮನಸ್ಸಿನಲ್ಲಿ ಬಿಚ್ಚಿ ನೋಡಿ. ಹಿಂದುಗಡೆ ಕಪ್ಪು ಬಣ್ಣದ ಕೊಳವೆಯ ಜಾಲರಿ ಇರುತ್ತಲ್ಲ, ಬಹಳ ಜನ ಅದನ್ನ ತಾಮ್ರ ಅಂದುಕೊಳ್ತಾರೆ. ಒಂದು ಅಯಸ್ಕಾಂತ ಹಿಡಿದು ನೋಡಿ, ಟಕ್ ಅಂತ ಕಚ್ಚಿಕೊಳ್ಳುತ್ತೆ. ಅದು ಉಕ್ಕು. ಮೇಲಿನ ಫ್ರೀಜರ್ ಡಬ್ಬ ಅಲ್ಯೂಮಿನಿಯಂ. ಗೋಡೆಯೊಳಗೆ ಇರೋದು ಫೋಮು, ಅದಕ್ಕೆ ಗಿರಾಕಿಯೇ ಇಲ್ಲ. ತಾಮ್ರ ಇರೋದು ಕೆಳಗಿನ ಕಂಪ್ರೆಸರ್ ಒಳಗಿನ ಸುರುಳಿಯಲ್ಲಿ, ಮತ್ತೆ ಅಲ್ಲಲ್ಲಿ ಒಂದೆರಡು ಸಣ್ಣ ಕೊಳವೆಯಲ್ಲಿ. ಕಂಪ್ರೆಸರ್ ಅಂದ್ರೆ ಏಳೆಂಟು ಕೆಜಿಯ, ಸುತ್ತಲೂ ವೆಲ್ಡ್ ಮಾಡಿದ ಉಕ್ಕಿನ ಗಡಿಗೆ. ಸ್ಕ್ರೂಡ್ರೈವರಿಗೆ ಬಗ್ಗೋದಲ್ಲ, ಗ್ರೈಂಡರ್ ಬೇಕು. ಕೊಯ್ದ ಕೂಡಲೇ ಎಣ್ಣೆ ಸುರಿಯುತ್ತೆ.

ಗುಜರಿ ದರ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತೆ. ಅಂದಾಜಿಗೆ ಕಬ್ಬಿಣ ಕೆಜಿಗೆ 28, ಅಲ್ಯೂಮಿನಿಯಂ 130, ತಾಮ್ರ 650 ಅಂತ ಇಟ್ಕೊಳ್ಳಿ. ಎಲ್ಲ ಸೇರಿ 25 ಕೆಜಿ ಕಬ್ಬಿಣ ಸಿಕ್ಕರೆ 700 ರೂಪಾಯಿ. ಒಂದು ಕೆಜಿ ಅಲ್ಯೂಮಿನಿಯಂ, 130. ತಾಮ್ರ 700 ಗ್ರಾಂ ಸಿಕ್ಕಿತು ಅನ್ನಿ, 455. ಒಟ್ಟು 1,285. ಅವನು 800 ಅಂದಿದ್ದ. ನಿಮಗೆ ಹೆಚ್ಚಿಗೆ ಬಂದದ್ದು 485. ಇದರಲ್ಲಿ ಒಂದು ಭಾನುವಾರ ಪೂರ್ತಿ, ಗ್ರೈಂಡರ್ ಬ್ಲೇಡು, ಟೆಂಪೋ ಬಾಡಿಗೆ, ಉಳಿದ ಫೋಮನ್ನ ಒಯ್ಯೋಕೆ ಸೊಸೈಟಿಯ ಕಸದವರಿಗೆ ಕೊಡೋ ಕೈಬಿಸಿ, ಎಲ್ಲ ಕಳೀರಿ. ಇದೂ ಆ ಸುರುಳಿ ತಾಮ್ರದ್ದೇ ಆಗಿದ್ರೆ ಮಾತ್ರ. ಅಲ್ಯೂಮಿನಿಯಂ ಆಗಿದ್ರೆ? ಅದು ಹಗುರ, ಕಾಲು ಕೆಜಿಯೋ ಮೂರೂವರೆ ನೂರು ಗ್ರಾಮೋ. ಒಟ್ಟು ಮೊತ್ತ 875ಕ್ಕೆ ಇಳಿಯುತ್ತೆ. ಭಂಗಾರ್‌ವಾಲಾ ನೋಡಿದ ತಕ್ಷಣ 800 ಅಂದದ್ದು ಸುಮ್ಮನೆ ಅಲ್ಲ.

ಸುರುಳಿ ಅಲ್ಯೂಮಿನಿಯಂ ಆಗಿದ್ದರ ಹಿಂದೆಯೂ ಒಂದು ಇತಿಹಾಸ ಇದೆ. 2001-02ರ ಸುಮಾರಿಗೆ ಲಂಡನ್ ಪೇಟೆಯಲ್ಲಿ ತಾಮ್ರ ಟನ್ನಿಗೆ 1,500 ಡಾಲರ್ ಆಸುಪಾಸು. 2006ರ ಮೇ ತಿಂಗಳಲ್ಲಿ ಅದು 8,000 ದಾಟಿತು. ಚೀನಾ ಕಟ್ಟುತ್ತಾ ಹೋದ ಹಾಗೆ ತಾಮ್ರವನ್ನ ನುಂಗುತ್ತಾ ಹೋಯ್ತು. 2021ರಲ್ಲಿ 10,000 ಕೂಡ ದಾಟಿತು. ಗುಜರಿಯವರಿಗೆ ಸುಗ್ಗಿ ಅಲ್ವಾ ಅಂತೀರಿ. ಆದರೆ ಅದೇ ಬೆಲೆ ನೋಡಿ ತಯಾರಕರು ಮಿಕ್ಸಿ, ಫ್ಯಾನು, ವಾಷಿಂಗ್ ಮೆಷಿನ್ ಮೋಟಾರುಗಳಲ್ಲಿ ತಾಮ್ರ ಬಿಟ್ಟು ಅಲ್ಯೂಮಿನಿಯಂ ತಂತಿಗೆ ಹೊರಳಿದರು. ಕೆಲವು ತಂತಿಗೆ ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ಅದಕ್ಕೇ ಅಂಗಡಿಯವನು ತಂತಿಯನ್ನ ಅರದಿಂದ ಒಂದು ಸಲ ಉಜ್ಜಿ ನೋಡೋದು. ಬೆಳ್ಳಗೆ ಕಂಡರೆ ದರ ಬಿತ್ತು. ಹೀಗಾಗಿ ತಾಮ್ರದ ಬೆಲೆ ಏರಿದಷ್ಟೂ ಯಂತ್ರದೊಳಗಿನ ತಾಮ್ರ ಕಮ್ಮಿಯಾಗ್ತಾ ಬಂತು. ಏಸಿಯೊಂದು ಇದಕ್ಕೆ ಬಹುಮಟ್ಟಿಗೆ ಹೊರತು. ಅದರಲ್ಲಿ ಇನ್ನೂ ಕೆಜಿಗಟ್ಟಲೆ ತಾಮ್ರದ ಕೊಳವೆ ಇರುತ್ತೆ, ಅದಕ್ಕೇ ಹಳೇ ಏಸಿಗೆ ಕೇಳದೇನೇ ಸಾವಿರದ ಮೇಲೆ ಹೇಳ್ತಾರೆ. ವಾಷಿಂಗ್ ಮೆಷಿನ್ನು ಪ್ಲಾಸ್ಟಿಕ್ಕು ಮತ್ತು ನಿರಾಶೆ. ಹಳೇ ಡಬ್ಬ ಟಿವಿಯ ಕೊರಳಿನ ಸುತ್ತ ಸ್ವಲ್ಪ ತಾಮ್ರ ಇದೆ, ಆದರೆ ಆ ಗಾಜಿನ ಕೊಳವೆಯಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಇದೆ. ಅದಕ್ಕೆ ಕೈ ಹಚ್ಚಲೇಬೇಡಿ.

ಹಾಗಾದರೆ ಗುಜರಿಯವನಿಗೆ ಹೇಗೆ ಗಿಟ್ಟುತ್ತೆ? ಅವನು ಫ್ರಿಜ್ಜನ್ನ ಲೋಹ ಅಂತ ನೋಡೋದೇ ಇಲ್ಲ, ಕೊನೆಗಷ್ಟೇ ನೋಡ್ತಾನೆ. ಮೊದಲು ಪ್ಲಗ್ ಹಾಕಿ, ಓಡುತ್ತಾ ಅಂತ. ಓಡಿದ್ರೆ ರಿಪೇರಿಯವನಿಗೆ ಇಡಿಯಾಗಿ ಹೋಗುತ್ತೆ. ಇಲ್ಲಾಂದ್ರೆ ಕಂಪ್ರೆಸರ್ ಜೀವ ಇದೆಯಾ? ಅದು ಬೇರೆ ಫ್ರಿಜ್ಜಿಗೆ ಹೋಗುತ್ತೆ, ಸತ್ತಿದ್ರೂ ಕೊಯ್ದು, ಮತ್ತೆ ಸುತ್ತಿ, ಮತ್ತೆ ವೆಲ್ಡ್ ಮಾಡೋರಿದ್ದಾರೆ. ಥರ್ಮೋಸ್ಟಾಟು, ಬಾಗಿಲಿನ ರಬ್ಬರು, ಗಾಜಿನ ಶೆಲ್ಫು ಬಿಡಿಬಿಡಿಯಾಗಿ ಹೋಗುತ್ತೆ. ಫ್ರಿಜ್ಜಿನ ಡಬ್ಬವನ್ನೇ ಕಪಾಟು ಮಾಡಿಕೊಂಡವರನ್ನ ನೀವೂ ನೋಡಿರ್ತೀರಿ. ಇಷ್ಟೆಲ್ಲ ಆದಮೇಲೆ, ಯಾರೂ ಬೇಡ ಅಂದದ್ದು ಮಾತ್ರ ಸುತ್ತಿಗೆಗೆ. ಗುಜರಿ ಪೇಟೆಯಲ್ಲಿ ಲೋಹದ ಬೆಲೆ ಅನ್ನೋದು ವಸ್ತುವಿನ ಕಟ್ಟಕಡೆಯ ಬೆಲೆ. ನಾವು ಅಲ್ಲಿಂದಲೇ ಶುರು ಮಾಡ್ತೀವಿ.

ಆ ಕಡೇ ಹಂತದಲ್ಲಿ ಇನ್ನೊಂದು ಲೆಕ್ಕ ನಡೆಯುತ್ತೆ, ಅದು ಯಾವ ಚೀಟಿಯಲ್ಲೂ ಬರಲ್ಲ. ದೆಹಲಿಯವರಿಗೆ ಸೀಲಂಪುರ, ಮಂಡೋಲಿ ಗೊತ್ತು. ಅಲ್ಲಿ ವೈರಿನ ಸಿಪ್ಪೆ ತೆಗೆಯೋ ಬದಲು ಗುಡ್ಡೆ ಹಾಕಿ ಸುಟ್ಟುಬಿಡ್ತಿದ್ದರು. ಪಿವಿಸಿ ಸುಟ್ಟಾಗ ಡಯಾಕ್ಸಿನ್ ಹುಟ್ಟುತ್ತೆ, ಪಕ್ಕದಲ್ಲೇ ತಾಮ್ರ ಇದ್ರೆ ಇನ್ನೂ ಹೆಚ್ಚು ಹುಟ್ಟುತ್ತೆ. ತಾಮ್ರ ಅಗ್ಗವಾಗಿ ಸಿಕ್ಕಿತು ಅಂದ್ರೆ ಅದರ ಅರ್ಧ ದುಡ್ಡನ್ನ ಯಾರದೋ ಶ್ವಾಸಕೋಶ ಕೊಟ್ಟಿದೆ ಅಂತ.

2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇದರ ಅತಿ ಘೋರ ರೂಪ. ಅದು ಮನೆಯ ಸಾಮಾನಲ್ಲ, ಹೌದು. ಆದರೆ ಬಿಚ್ಚಿದ ಕೈ, ಬಿಚ್ಚಿದ ರೀತಿ ಅದೇ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರ ನಂತರ ಬಳಸದೆ ಬಿಟ್ಟಿದ್ದ, ಕೆನಡಾದಿಂದ ಬಂದಿದ್ದ ಗಾಮಾ ವಿಕಿರಣದ ಯಂತ್ರವನ್ನ ಫೆಬ್ರವರಿಯಲ್ಲಿ ಗುಜರಿ ಅಂತ ಹರಾಜು ಹಾಕಿದರು. ಕೊಂಡವರಿಗೆ ಅದು ಸೀಸ ಮತ್ತು ಉಕ್ಕು. ಸೀಸದ ಕವಚ ಕಿತ್ತರು. ಒಳಗಿದ್ದದ್ದು ಕೋಬಾಲ್ಟ್-60. ಏಳೆಂಟು ಜನ ಆಸ್ಪತ್ರೆ ಸೇರಿದರು, ಒಬ್ಬ ಕೆಲಸಗಾರ ಏಪ್ರಿಲ್‌ನಲ್ಲಿ ತೀರಿಕೊಂಡ. ಅಂತರರಾಷ್ಟ್ರೀಯ ಮಾಪನದಲ್ಲಿ ಅದು 4ನೇ ದರ್ಜೆಯ ಅವಘಡ. ನನಗೆ ಇದರಲ್ಲಿ ಬಹಳ ಕಾಡೋದು ಒಂದೇ. ಅದನ್ನ ಹೊರಗೆ ಹಾಕಿದವರು ಓದಿದವರು, ಒಳಗೆ ಏನಿದೆ ಅಂತ ತಿಳಿಯೋ ಉಪಾಯ ಇದ್ದವರು. ತಿಳಿಯದೆ ಬಿಚ್ಚಿದವನು ಸತ್ತ.

ಫ್ರಿಜ್ಜಿನಲ್ಲಿ ಕೋಬಾಲ್ಟ್ ಇಲ್ಲ, ಗಾಬರಿ ಬೇಡ. ಆದರೆ ಗ್ಯಾಸ್ ಇದೆ. ಹಳೇ ಫ್ರಿಜ್ಜಿನದು ಆರ್-12, ಓಝೋನ್ ತಿನ್ನೋ ಸಿಎಫ್‌ಸಿ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು, 2010ರ ಹೊತ್ತಿಗೆ ಇಲ್ಲಿ ಸಿಎಫ್‌ಸಿ ಬಳಕೆ ನಿಂತಿತು. ಈಗಾಗಲೇ ಫ್ರಿಜ್ಜುಗಳೊಳಗೆ ಕೂತಿದ್ದದ್ದು ಮಾತ್ರ ಅಲ್ಲೇ ಕೂತಿತ್ತು. ಒಂದು ಫ್ರಿಜ್ಜಿನಲ್ಲಿ 150 ಗ್ರಾಂ ಅನ್ನಿ. ಕಾವು ಹಿಡಿಯೋದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಕೊಳವೆಗೆ ಕಟಿಂಗ್ ಪ್ಲೇಯರ್ ಹಾಕಿ ‘ಸುಯ್’ ಅನ್ನಿಸಿದ ಒಂದು ನಿಮಿಷ, ಸುಮಾರು 650 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಗೋಡೆಯ ಫೋಮಿನಲ್ಲೂ ಅದೇ ಜಾತಿಯ ಗ್ಯಾಸ್ ಇರುತ್ತೆ. ಆಮೇಲೆ ಬಂದ ಆರ್-134ಎ ಓಝೋನ್ ತಿನ್ನಲ್ಲ, ಆದರೂ ಕಾವು ಹಿಡಿಯುತ್ತೆ. ಈಗಿನ ಆರ್-600ಎ ಹವೆಗೆ ಅಷ್ಟು ಕೆಟ್ಟದ್ದಲ್ಲ, ಆದರೆ ಬೆಂಕಿ ಹತ್ತುತ್ತೆ, ಮುಚ್ಚಿದ ಬಾಲ್ಕನಿಯಲ್ಲಿ ಗ್ರೈಂಡರ್ ಕಿಡಿ ಹಾರಿಸೋ ಸಾಹಸ ಬೇಡ. ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಯಾವ ಗ್ಯಾಸ್ ಅಂತ ಬರೆದಿರುತ್ತೆ.

ಕಾನೂನು ತಡವಾಗಿಯಾದರೂ ಬಂತು. 2005ರಲ್ಲಿ ದಾಬಸ್‌ಪೇಟೆಯಲ್ಲಿ ಇ-ಪರಿಸರ ಅನ್ನೋ ಘಟಕ ಸರ್ಕಾರದ ಅನುಮತಿ ಪಡೆದು ಶುರುವಾಯ್ತು. ದೇಶದಲ್ಲಿ ಅಂಥದ್ದು ಅದೇ ಮೊದಲು, ನಮ್ಮ ಬೆಂಗಳೂರಿನ ಪಕ್ಕದ್ದು. 2012ರ ಮೇ 1ರಿಂದ ಇ-ತ್ಯಾಜ್ಯದ ನಿಯಮ ಜಾರಿಯಾಯ್ತು, ಆಮೇಲೆ 2016ರಲ್ಲಿ ಒಮ್ಮೆ, 2023ರ ಏಪ್ರಿಲ್ 1ರಿಂದ ಇನ್ನೊಮ್ಮೆ ಬದಲಾಯ್ತು. ಈ ಕಡೇ ಬದಲಾವಣೆಯಲ್ಲಿ ಒಂದು ಸಂಗತಿ ಇದೆ. ನೋಂದಣಿ ಪಡೆಯೋರ ಪಟ್ಟಿಯಲ್ಲಿ ಮೊದಲು ‘ಬಿಚ್ಚುವವರು’ ಅಂತ ಒಂದು ವರ್ಗವೇ ಇತ್ತು. ಅದನ್ನ ತೆಗೆದು ಹಾಕಿದರು. ಉಳಿದದ್ದು ತಯಾರಕರು, ಮಾರುಕಟ್ಟೆಗೆ ತರೋ ಕಂಪನಿಗಳು, ರಿಪೇರಿ ಮಾಡಿ ಮತ್ತೆ ಬಳಕೆಗೆ ಕೊಡೋರು, ಮರುಬಳಕೆ ಘಟಕದವರು. ಬಿಚ್ಚೋರು ಎಲ್ಲೂ ಹೋಗಿಲ್ಲ, ಕಾಗದದಿಂದ ಹೋದರು ಅಷ್ಟೆ. ನನಗಿದು ಸರಿ ಕಾಣಲ್ಲ.

2024ರಲ್ಲಿ ಸರ್ಕಾರ ಕಂಪನಿಗಳು ಮರುಬಳಕೆ ಘಟಕಗಳಿಗೆ ಕೆಜಿಗೆ ಕನಿಷ್ಠ 22 ರೂಪಾಯಿ ಕೊಡಬೇಕು ಅಂತ ಗೊತ್ತುಮಾಡಿತು. ದೊಡ್ಡ ದೊಡ್ಡ ಕಂಪನಿಗಳು ದುಬಾರಿಯಾಯ್ತು ಅಂತ ದೆಹಲಿ ಹೈಕೋರ್ಟಿಗೆ ಹೋದವು. ಗಮನಿಸಿ, ಲೋಹ ಮಾರಿಯೇ ಎಲ್ಲ ಖರ್ಚು ಹುಟ್ಟೋ ಹಾಗಿದ್ರೆ ಮೇಲೆ 22 ರೂಪಾಯಿ ಯಾಕೆ ಬೇಕಿತ್ತು? ಗ್ಯಾಸನ್ನ ಹಿಡಿದಿಟ್ಟು, ಫೋಮನ್ನ ಸರಿಯಾಗಿ ವಿಲೇವಾರಿ ಮಾಡಿ, ಕೆಲಸಗಾರನಿಗೆ ಮುಖವಾಡ ಕೊಟ್ಟು ಬಿಚ್ಚಿದ್ರೆ ಹಳೇ ಫ್ರಿಜ್ಜು ತನ್ನ ಖರ್ಚನ್ನ ತಾನೇ ದುಡಿಯಲ್ಲ. ಭಾನುವಾರ ಕೆಡಿಸಿಕೊಂಡು ನೀವು ಬಿಚ್ಚಿದ್ರೂ ಇಲ್ಲ, ದೊಡ್ಡ ಯಂತ್ರ ಇಟ್ಕೊಂಡವರು ಬಿಚ್ಚಿದ್ರೂ ಇಲ್ಲ.

ಪುಣೆಯವರಿಗೆ ನನ್ನ ಮಾತು: ಫ್ರಿಜ್ಜು ಇನ್ನೂ ತಣ್ಣಗಾಗ್ತಿದ್ರೆ ರಿಪೇರಿ ಅಂಗಡಿಯವನನ್ನ ಮೊದಲು ಕರೀರಿ, 800ಕ್ಕಿಂತ ಹೆಚ್ಚು ಅವನೇ ಕೊಡಬಹುದು. ಇಲ್ಲಾಂದ್ರೆ ಕಂಪನಿಯ ವಾಪಸಾತಿ ಕೇಂದ್ರಕ್ಕೋ, ನೋಂದಾಯಿತ ಘಟಕಕ್ಕೋ ಕೊಡಿ, ಇನ್ನೂರು ಮುನ್ನೂರು ಕಮ್ಮಿ ಬಂದ್ರೂ ಪರವಾಗಿಲ್ಲ. ಭಂಗಾರ್‌ವಾಲಾಗೇ ಕೊಡೋದಾದ್ರೆ ಇಡಿಯಾಗಿ ಒಯ್ಯಲಿ. ಕೈಗಾಡಿಗೆ ಭಾರ ಅಂತ ಬಿಲ್ಡಿಂಗಿನ ಗೇಟಿನಲ್ಲೇ ಕೊಳವೆ ಕತ್ತರಿಸಿ ಕಂಪ್ರೆಸರ್ ಕೀಳೋಕೆ ಬಂದ್ರೆ, “ಇಲ್ಲಿ ನಕೋ ಭಾವು” ಅನ್ನಿ, ಬೇಕಾದ್ರೆ ಟೆಂಪೋಗೆ ಇನ್ನೂರು ರೂಪಾಯಿ ನೀವೇ ಕೊಡಿ.

ಮುಂದಿನ ಕಂತಿನಲ್ಲಿ ತಾಂಬಟ್ ಆಳಿಯ ಕಥೆ ಪೂರ್ತಿಯಾಗಿ ಮಾತಾಡೋಣ.