ಹೇಮಾವತಿ ತೀರದ ವಂಶಾವಳಿ



ಹಾಸನಕ್ಕೆ ಸಮೀಪದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ಹಿನ್ನೀರಿನ ನಡುವೆ ನಿಂತಿರುವ ಜಪಮಾಲೆ ಮಾತೆಯ ದೇವಾಲಯದ ಅವಶೇಷಗಳನ್ನು ನೀವು ನೋಡಿರಬಹುದು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಆ ದೇವಾಲಯವು, ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ಮಳೆಗಾಲದಲ್ಲಿ ಮುಳುಗುತ್ತ, ಬೇಸಿಗೆಯಲ್ಲಿ ಮೇಲೇಳುತ್ತ ಬಂದಿದೆ. ಬಂದವರು ಗೋಡೆಗಳ ಛಾಯಾಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆದರೆ ಅಲ್ಲಿ ಜ್ಞಾನಸ್ನಾನ ಪಡೆದವರು ಯಾರು, ನೀರು ಏರಿದಾಗ ಅವರು ಯಾವ ದಾರಿ ಹಿಡಿದರು ಎಂಬುದನ್ನು ಆ ಚಿತ್ರ ಹೇಳದು. ಅದನ್ನು ಬರೆಯಬೇಕಾದವರು ಅವರ ಮಕ್ಕಳು, ಮೊಮ್ಮಕ್ಕಳು.

'ನಮ್ಮಂಥವರ ಮನೆಯಲ್ಲಿ ಬರೆಯುವಂಥದ್ದೇನಿದೆ?' ಎಂದು ಕೇಳಬೇಡಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಇದೇ ನದಿಯ ದಡದ ಸಾಮಾನ್ಯ ಜನರನ್ನು ಕುರಿತೇ ಬರೆದು ಕನ್ನಡಿಗರ ಮನ ಗೆದ್ದರು. ಸಂತ ಲೂಕರೂ ತಮ್ಮ ಶುಭಸಂದೇಶದ ಆರಂಭದಲ್ಲಿ, ಕಣ್ಣಾರೆ ಕಂಡವರ ಮಾತನ್ನು ಆಧರಿಸಿ, ಎಲ್ಲವನ್ನೂ ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ತಿಳಿಸುತ್ತಾರೆ. ನಮಗೂ ಅದೇ ಮಾದರಿ.

ಧರ್ಮಕೇಂದ್ರದ ಜ್ಞಾನಸ್ನಾನ, ವಿವಾಹ ಹಾಗೂ ಮರಣದ ದಾಖಲೆ ಪುಸ್ತಕಗಳು ಮೊದಲ ಆಧಾರ. ಹಳೆಯ ಪುಟಗಳು ಲತೀನಿನಲ್ಲಿದ್ದರೆ ನಿಮ್ಮ ಗುರುಗಳ ನೆರವು ಕೇಳಿ. ಒಂದೊಂದು ಸಾಲೂ ಚಿಕ್ಕದು: ಮಗುವಿನ ಹೆಸರು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ಊರು. ಆದರೆ ಅಣ್ಣನ ಜ್ಞಾನಸ್ನಾನ ಒಂದೂರಿನಲ್ಲಿ, ತಮ್ಮನದು ಇನ್ನೊಂದೂರಿನಲ್ಲಿ ಆಗಿದ್ದರೆ, ಅವುಗಳ ನಡುವೆ ಮನೆ ಬಿಟ್ಟು ಹೊರಟವರ ಕಥೆ ಇದ್ದೀತು. ಒಂದೇ ವಾರದಲ್ಲಿ ಒಂದೇ ಮನೆಯ ಮೂರು ಮರಣಗಳು ಕಂಡರೆ, 1898ರಿಂದ ಮೈಸೂರು ಸಂಸ್ಥಾನವನ್ನು ಕಾಡಿದ ಪ್ಲೇಗು ಆ ಬಾಗಿಲಿಗೂ ಬಂದಿತ್ತೇ ಎಂದು ವಿಚಾರಿಸಬೇಕು.

ಪುಸ್ತಕ ಹೇಳದಿರುವುದನ್ನು ಹಿರಿಯರು ಬಲ್ಲರು. ಗದ್ದೆ ಮುಳುಗಿದ ಮನೆಯ ಅಜ್ಜಿಗೆ ಹೇಮಾವತಿಯೆಂದರೆ ಕಳೆದುಹೋದ ಊರು. ಅದೇ ನದಿಯ ಕಾಲುವೆ ಹರಿದ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತನಿಗೆ ಅವಳು ಅನ್ನ ಕೊಟ್ಟ ತಾಯಿ. ಬೀಗತನದಿಂದ ಇಬ್ಬರೂ ಒಂದೇ ಕುಟುಂಬಕ್ಕೆ ಸೇರಿದವರಾಗಿರಬಹುದು. ಒಬ್ಬರ ಮಾತನ್ನು ಬರೆದು ಇನ್ನೊಬ್ಬರದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಬರೆಯುವಾಗ ಸಾಲ, ವ್ಯಾಜ್ಯ, ಮುನಿಸುಗಳನ್ನು ಮುಚ್ಚಿಡುವ ಆಸೆ ಸಹಜ. ಬದುಕಿರುವವರ ಮನಸ್ಸನ್ನು ನೋಯಿಸದ ಎಚ್ಚರ ಬೇಕು, ನಿಜ. ಆದರೂ ಸಂತ ಮತ್ತಾಯರು ಪ್ರಭುವಿನ ವಂಶಾವಳಿಯಲ್ಲಿ ತಾಮಾರಳನ್ನಾಗಲಿ, ರಾಹಾಬಳನ್ನಾಗಲಿ, ಊರೀಯನ ಹೆಂಡತಿಯನ್ನಾಗಲಿ ಬಿಟ್ಟುಬಿಡಲಿಲ್ಲ. ದೇವರ ಕೃಪೆ ಇಂಥ ಮನೆತನಗಳ ಮೂಲಕವೇ ಹರಿದುಬಂದಿದೆ.

1979ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಅರವತ್ತೈದು ದಾಟಿದ್ದಾರೆ. ಆ ದೇವಾಲಯ ಜನರಿಂದ ತುಂಬಿದ್ದುದನ್ನು ಕಂಡ ಕಣ್ಣುಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಾಗ, ನೋಟುಪುಸ್ತಕ ಹಿಡಿದು ಮನೆಯ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. 'ನಿಮ್ಮ ಜ್ಞಾನತಾಯಿ ಯಾರು?' ಎಂದು ಕೇಳಿ. ಮುಂದಿನದನ್ನು ಅವರೇ ಹೇಳುತ್ತಾರೆ.