ಸರ್ಕಾರಿ ಗೊಬ್ಬರ, ತಿಪ್ಪಿ ಗೊಬ್ಬರ, ಬಾಟ್ಲಿ ಗೊಬ್ಬರ

ನಮ್ಮೂರು ಮುಗದದಲ್ಲಿ ಯೂರಿಯಾ, ಡಿಎಪಿಗೆ ಇವತ್ತಿಗೂ ‘ಸರ್ಕಾರಿ ಗೊಬ್ಬರ’ ಅಂತಲೇ ಹೆಸರು. ರಾಸಾಯನಿಕ ಗೊಬ್ಬರ ಅನ್ನೋ ಶಬ್ದ ಕೃಷಿ ಇಲಾಖೆಯ ಕರಪತ್ರದಲ್ಲಿ ಮಾತ್ರ. ಧಾರವಾಡ–ಅಳ್ನಾವರ ರೈಲು ಹಳಿಯ ಮೇಲಿರುವ ಈ ಊರು ಹೆಸರಾದದ್ದು ಭತ್ತಕ್ಕೆ. ಇಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ‘ಮುಗದ ಸುಗಂಧ’ ಅಕ್ಕಿಯನ್ನ ನೀವು ಉಂಡಿರಲೂಬಹುದು. ತಿಪ್ಪಿ ಗೊಬ್ಬರ ಮನೆಯದು. ಇನ್ನೊಂದು ಹೊರಗಿನಿಂದ ಲಾರಿಯಲ್ಲಿ ಸೊಸೈಟಿಗೆ ಬಂದದ್ದು; ಅದರ ಬೆಲೆ, ಹಂಚಿಕೆ, ಕೊರತೆ ಎಲ್ಲವೂ ಸರ್ಕಾರದ ಕೈಯಲ್ಲಿ. ಹೆಸರಿಟ್ಟವರು ರಸಾಯನಶಾಸ್ತ್ರ ಓದಿರಲಿಲ್ಲ, ಆದರೆ ಇದು ಯಾರ ಕೈಯಲ್ಲಿದೆ ಅನ್ನೋದನ್ನ ಸರಿಯಾಗೇ ಗುರುತಿಸಿದ್ದರು.

ಈಗ ಮೂರನೆಯದೂ ಬಂದಿದೆ: ಬಾಟ್ಲಿ. ಹಳ್ಳಿಯಲ್ಲಿ ನ್ಯಾನೋ ಯೂರಿಯಾ. ಬೆಂಗಳೂರಿನ ಬಾಲ್ಕನಿಗಳಲ್ಲಿ ಕಡಲ ಪಾಚಿಯ ಸತ್ವ, ಕ್ಯಾನಿನಲ್ಲಿ ಬರೋ ಜೀವಾಮೃತ. ಆಫೀಸಿನ ಕ್ಯಾಂಟೀನಿನಲ್ಲಿ ಸಾವಯವ ಒಳ್ಳೆಯದೋ ಕೆಮಿಕಲ್ ಒಳ್ಳೆಯದೋ ಅಂತ ಮಾತು ಶುರುವಾದರೆ ಊಟದ ಸಮಯ ಮುಗಿಯುತ್ತೆ, ಜಗಳ ಮುಗಿಯಲ್ಲ. ವಿಚಿತ್ರ ಅಂದರೆ ಯಾರೂ ತೂಕದ ಲೆಕ್ಕ ಹಾಕೋದಿಲ್ಲ. ನಾನು ಕೋಡ್ ಬರೆದು ಹೊಟ್ಟೆ ಹೊರೆಯುವವನು, ಯೂನಿಟ್ ಸರಿಯಾಗದೆ ಮುಂದಕ್ಕೆ ಹೋಗಲಾರೆ.

45 ಕಿಲೋದ ಯೂರಿಯಾ ಚೀಲದಲ್ಲಿ ಶೇಕಡಾ 46ರಷ್ಟು ಸಾರಜನಕ, ಅಂದರೆ 20.7 ಕಿಲೋ. ಒಳ್ಳೆಯ ತಿಪ್ಪಿ ಗೊಬ್ಬರದಲ್ಲಿ ಹೆಚ್ಚುಕಡಿಮೆ ಶೇಕಡಾ ಅರ್ಧ. ಒಂದು ಚಕ್ಕಡಿಗೆ ಐದು ಕ್ವಿಂಟಾಲ್ ಹಿಡಿದರೆ ಎರಡೂವರೆ ಕಿಲೋ. ಒಬ್ಬ ಮನುಷ್ಯ ಸೈಕಲ್ಲಿನ ಮೇಲೆ ತರಬಹುದಾದ ಒಂದು ಚೀಲಕ್ಕೆ ಎಂಟು ಚಕ್ಕಡಿ ಗೊಬ್ಬರ ಸಮ. ಅದನ್ನ ಕಡಿದು, ಹೇರಿ, ಹೊಲದಲ್ಲಿ ಗುಂಪಿ ಹಾಕಿ, ಹರವಬೇಕು. ಅದರ ಸಾರಜನಕ ಮೊದಲ ವರ್ಷವೇ ಪೂರ್ತಿ ಸಿಗೋದೂ ಇಲ್ಲ. ಚೀಲ ಯಾಕೆ ಗೆದ್ದಿತು ಅನ್ನೋದಕ್ಕೆ ಕಂಪನಿಗಳ ಕುತಂತ್ರದ ಕಥೆಯೇ ಬೇಕಿಲ್ಲ. ಚಕ್ಕಡಿ ಹೇರಿದವನ ಬೆನ್ನು ಸಾಕು.

ಹಾಗಂತ ತಿಪ್ಪಿ ಗೊಬ್ಬರ ಸೋತ ಸರಕಲ್ಲ. ಜರ್ಮನಿಯ ಲೀಬಿಗ್ 1840ರಲ್ಲಿ ಗಿಡಕ್ಕೆ ಬೇಕಾದ್ದು ಖನಿಜ ಅಂತ ವಾದಿಸಿದ. ಇಂಗ್ಲೆಂಡಿನ ಲಾಸ್ 1842ರಲ್ಲಿ ಸೂಪರ್ ಫಾಸ್ಫೇಟಿಗೆ ಪೇಟೆಂಟ್ ತಗೊಂಡ. ಮರುವರ್ಷ ಅದೇ ಲಾಸ್ ರೋಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದಲ್ಲಿ ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಇನ್ನುಳಿದವಕ್ಕೆ ಬೇರೆ ಬೇರೆ ರಾಸಾಯನಿಕ ಹಾಕಿ ಗೋದಿ ಬಿತ್ತಿಸಿದ. ಆ ಪ್ರಯೋಗ ಇನ್ನೂ ನಡೀತಾ ಇದೆ. ಕೊಟ್ಟಿಗೆ ಗೊಬ್ಬರದ ಪಟ್ಟಿಯ ಇಳುವರಿ ರಾಸಾಯನಿಕದ ಸರಿಸಮ ನಿಂತಿತು, ಮಣ್ಣಿನ ಸಾವಯವ ಇಂಗಾಲ ಮಾತ್ರ ಎರಡು ಪಟ್ಟು ದಾಟಿತು. ಸಾವಯವದವರು ಈ ಮಾತನ್ನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಆ ಪಟ್ಟಿಗೆ ಬೀಳೋದು ಹೆಕ್ಟೇರಿಗೆ ಪ್ರತಿವರ್ಷ 35 ಟನ್. ನಮ್ಮ ಲೆಕ್ಕದಲ್ಲಿ ಎಕರೆಗೆ 28 ಚಕ್ಕಡಿ, ಪ್ರತಿವರ್ಷ. ಮುಗದದಲ್ಲಿ ಯಾರ ಹತ್ತಿರ ಇದೆ ಅಷ್ಟು?

ಹಾಗಾಗಿ ಗೊಬ್ಬರ ಯಾವುದು ಅನ್ನೋದಕ್ಕಿಂತ, ಮಣ್ಣಿಂದ ಹೋದದ್ದು ಮಣ್ಣಿಗೆ ವಾಪಸ್ ಬರುತ್ತಿದ್ದ ದಾರಿಗಳು ಏನಾದವು ಅಂತ ಕೇಳಬೇಕು. ನಮ್ಮ ಕಡೆ ಅಂಥವು ಮೂರಿದ್ದವು: ಅಡವಿ, ದನ, ಪ್ಯಾಟಿ.

ಮೊದಲು ಅಡವಿ. ಮುಗದದಿಂದ ಪಶ್ಚಿಮಕ್ಕೆ, ಹಳಿಯಾಳದ ಕಡೆ ಕಾಡು ಶುರುವಾಗುತ್ತೆ. ಇನ್ನೂ ಆಚೆ ಶಿರಸಿ, ಸಿದ್ದಾಪುರದಲ್ಲಿ ‘ಸೊಪ್ಪಿನ ಬೆಟ್ಟ’ ಅನ್ನೋ ಏರ್ಪಾಡಿದೆ: ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ, ಸೊಪ್ಪು ತರಗೆಲೆ ತರೋಕೆ. ಒಂದು ಎಕರೆ ಫಲವತ್ತಾಗಿರಬೇಕಾದರೆ ಒಂಬತ್ತು ಎಕರೆ ಅದಕ್ಕೆ ದುಡಿಯಬೇಕು! 1878ರ ಅರಣ್ಯ ಕಾಯ್ದೆಯ ನಂತರವೂ ತೋಟಿಗರ ಈ ಸವಲತ್ತು ಉಳೀತು. ಬಯಲು ಸೀಮೆಯ ಸಣ್ಣ ರೈತನಿಗೆ ಅಂಥ ಬೆಟ್ಟ ಎಲ್ಲಿಂದ ಬರಬೇಕು? ಭಾರತದ ಬೇಸಾಯ ಸುಧಾರಿಸೋಕೆ ಅಂತ ಬ್ರಿಟಿಷ್ ಸರ್ಕಾರ 1889ರಲ್ಲಿ ಕರೆಸಿದ ರಸಾಯನಶಾಸ್ತ್ರಜ್ಞ ವೋಲ್ಕರ್, 1893ರ ವರದಿಯಲ್ಲಿ ಬರೆದದ್ದೂ ಇದನ್ನೇ. ರೈತ ಸಗಣಿ ಸುಡೋದು ದಡ್ಡತನದಿಂದಲ್ಲ, ಉರುವಲು ಇಲ್ಲದ್ದರಿಂದ. ಮೊದಲು ಕಟ್ಟಿಗೆಗೆ ವ್ಯವಸ್ಥೆ ಮಾಡಿ ಅಂತ. ಕುಳ್ಳು ತಟ್ಟೋ ಕೈಗೆ ಗೊಬ್ಬರದ ಬೆಲೆ ಗೊತ್ತಿಲ್ಲ ಅನ್ನೋರು ಇವತ್ತಿಗೂ ಆ ಪುಸ್ತಕ ಓದಿಲ್ಲ.

ಇನ್ನು ಪ್ಯಾಟಿ. ಇದು ನಿಮಗೂ ನನಗೂ ಸಂಬಂಧಪಟ್ಟದ್ದು. ಆಲ್ಬರ್ಟ್ ಹೋವರ್ಡ್ ಇಂದೋರಿನಲ್ಲಿ ಕಾಂಪೋಸ್ಟ್ ಪದ್ಧತಿ ಕಟ್ಟಿ 1931ರಲ್ಲಿ ಪುಸ್ತಕ ತಂದ ಕಥೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ. ಎನ್. ಆಚಾರ್ಯ 1939ರ ಸುಮಾರಿಗೆ ರೂಪಿಸಿದ ‘ಬೆಂಗಳೂರು ಪದ್ಧತಿ’ ಬೆಂಗಳೂರಿನವರಿಗೇ ಗೊತ್ತಿಲ್ಲ. ಊರಿನ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ ಕೊಳೆಸೋ ವಿಧಾನ ಅದು. ಹುಬ್ಬಳ್ಳಿ–ಧಾರವಾಡದಲ್ಲಿ ಹಿಂದಿನ ಶತಮಾನದ ಕೊನೆಯ ದಶಕಗಳವರೆಗೂ ನಗರದ ಕಸದ ಗುಂಡಿಗಳು ಹರಾಜಾಗುತ್ತಿದ್ದವು. ಸುತ್ತಲಿನ ಹಳ್ಳಿಗಳ ರೈತರು ದುಡ್ಡು ಕೊಟ್ಟು ಕಸ ಒಯ್ಯುತ್ತಿದ್ದರು. ಇದನ್ನ ಎರಡು ಸಲ ಓದಿ: ನಗರದ ಕಸಕ್ಕೆ ರೈತ ದುಡ್ಡು ಕೊಡುತ್ತಿದ್ದ. ಆಮೇಲೆ ಕಸದಲ್ಲಿ ಪ್ಲಾಸ್ಟಿಕ್ಕು, ಗಾಜು ಬಂತು. ಆರಿಸೋಕೆ ಆಳು ಸಿಗಲಿಲ್ಲ, ಬರಿಗಾಲಲ್ಲಿ ಹೊಲಕ್ಕೆ ಇಳಿಯೋರ ಕಾಲಿಗೆ ಗಾಜು ಚುಚ್ಚಿತು. ಕೊಳ್ಳೋರು ಕಡಿಮೆಯಾದರು.

ಒಂದು ಮಾತು ಇಲ್ಲೇ ಹೇಳಬೇಕು. ಆ ಹಳೆಯ ದಾರಿ ಪವಿತ್ರವೇನೂ ಆಗಿರಲಿಲ್ಲ. ಮಲ ಹೊರುತ್ತಿದ್ದವರು ಯಾವ ಜಾತಿಯವರು ಅಂತ ನಮಗೆಲ್ಲ ಗೊತ್ತು. 1970ರ ದಶಕದಲ್ಲಿ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರಿಸೋದನ್ನ ನಿಲ್ಲಿಸಿದ್ದು ಯಾವ ಗೊಬ್ಬರದ ಲೆಕ್ಕಕ್ಕಿಂತಲೂ ದೊಡ್ಡದು. ‘ನಮ್ಮ ಪೂರ್ವಜರ ಸುಸ್ಥಿರ ಕೃಷಿ’ ಅಂತ ಭಾಷಣ ಮಾಡೋರು ಈ ಪುಟವನ್ನ ಹಾರಿಸಿಬಿಡ್ತಾರೆ, ನನಗದು ಸಿಟ್ಟು ತರಿಸುತ್ತೆ.

ಮನೆಯೊಳಗಿನ ಕಥೆಯೂ ಹೆಚ್ಚು ಬೇರೆಯಲ್ಲ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಎರಡು ಎತ್ತು, ಮೂರು ಎಮ್ಮೆ, ಒಂದೆರಡು ಕರು. ದಿನಾ ಬೆಳಗಾಗೋದರೊಳಗೆ ಸಗಣಿ ಬಳಿದು ಬುಟ್ಟಿ ತುಂಬಿ ತಲೆ ಮೇಲೆ ಹೊತ್ತು ತಿಪ್ಪಿಗೆ ಹಾಕುತ್ತಿದ್ದವಳು ಅವ್ವ. ಆ ಕೂಲಿ ಯಾವ ಖರ್ಚಿನ ಪಟ್ಟಿಯಲ್ಲೂ ಇಲ್ಲ. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ಭತ್ತದ ಜಾಗಕ್ಕೆ ಕಬ್ಬು ಬಂತು, ಮೇವಿನ ಹುಲ್ಲೂ ಹೋಯಿತು. ಸಾವಯವಕ್ಕೆ ಮರಳಿ ಅಂತ ನಾನು ಫೋನಿನಲ್ಲಿ ಹೇಳಬಹುದು. ಬುಟ್ಟಿ ಹೊರೋರು ಯಾರು ಅಂತ ಅವ್ವ ಕೇಳ್ತಾಳೆ.

ದಾರಿಗಳು ಮುಚ್ಚುತ್ತಾ ಹೋದ ಹಾಗೆ ಚೀಲದ ಮೇಲಿನ ಭಾರ ಏರಿತು. ಸ್ವಾತಂತ್ರ್ಯಕ್ಕೂ ಮುಂಚೆ ಮೈಸೂರಿನ ಹತ್ತಿರ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ಕಾರ್ಖಾನೆ ಎದ್ದಿತ್ತು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ಶುರುವಾಯಿತು. ಆ ಭಾರ ಎಷ್ಟಾಗಿತ್ತು ಅಂತ ನಾಡಿಗೆ ತಿಳಿದದ್ದು 2008ರ ಜೂನ್ 10ರಂದು, ಹಾವೇರಿಯಲ್ಲಿ. 1997ರವರೆಗೆ ಅದೂ ನಮ್ಮ ಧಾರವಾಡ ಜಿಲ್ಲೆಯೇ. ಮಳೆ ಬಿದ್ದಿತ್ತು, ಬಿತ್ತನೆಯ ಹದ ಹೋಗ್ತಾ ಇತ್ತು, ಗೊಬ್ಬರ ಇರಲಿಲ್ಲ. ಗೊಬ್ಬರ ಕೊಡಿ ಅಂತ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಸತ್ತರು. ಅದಕ್ಕೆ ನಾಲ್ಕು ವರ್ಷ ಮೊದಲು, 2004ರಲ್ಲಿ, ದೇಶದಲ್ಲೇ ಮೊದಲು ಸಾವಯವ ಕೃಷಿ ನೀತಿ ತಂದ ರಾಜ್ಯವೂ ನಮ್ಮದೇ. ನೀತಿ ಕಾಗದದಲ್ಲಿತ್ತು, ತಿಪ್ಪಿ ಬರಿದಾಗಿತ್ತು.

ಬಾಟ್ಲಿ ಬಂದದ್ದು ಈ ಹೊತ್ತಿಗೆ. 2021ರಲ್ಲಿ ಇಫ್ಕೋ ಅರ್ಧ ಲೀಟರಿನ ನ್ಯಾನೋ ಯೂರಿಯಾ ಬಿಡುಗಡೆ ಮಾಡಿ, ಒಂದು ಬಾಟ್ಲಿ ಒಂದು ಚೀಲಕ್ಕೆ ಸಮ ಅಂತು. ಅದರಲ್ಲಿದ್ದದ್ದು ಶೇಕಡಾ 4 ಸಾರಜನಕ, ಅಂದರೆ 20 ಗ್ರಾಂ. ಚೀಲದಲ್ಲಿ 20.7 ಕಿಲೋ! ಎಲೆಯ ಮೂಲಕ ನೇರ ಹೋಗುತ್ತೆ, ಪೋಲಾಗಲ್ಲ ಅನ್ನೋದು ಅವರ ವಾದ. ಸರಿ, ಚೀಲದ ಮೂರನೇ ಎರಡು ಭಾಗ ಪೋಲು ಅಂತಲೇ ಹಿಡಿಯೋಣ, ಆದರೂ ಗಿಡಕ್ಕೆ 7 ಕಿಲೋ ಸಿಕ್ಕಿತು. ಬಾಟ್ಲಿಯದರ 350 ಪಟ್ಟು. ಈಗಿನ ‘ಪ್ಲಸ್’ ಬಾಟ್ಲಿಯಲ್ಲಿ ಶೇಕಡಾ 20 ಇದೆ, ಅಂದರೆ 100 ಗ್ರಾಂ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಭತ್ತ, ಗೋದಿ ಎರಡರ ಇಳುವರಿಯೂ ಇಳೀತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಲೆಕ್ಕವನ್ನೇ ಪ್ರಶ್ನಿಸಿ ಪ್ರಬಂಧ ಬರೆದರು. ಹೋದ ಮುಂಗಾರಿನಲ್ಲಿ ಅಪ್ಪ ಹೋದ ಒಂದು ಅಂಗಡಿಯವರು ಬಾಟ್ಲಿ ತಗೊಂಡರಷ್ಟೇ ಚೀಲ ಅಂದರು. ಅಪ್ಪ ಎರಡನ್ನೂ ತಂದ, ಬಾಟ್ಲಿಯನ್ನ ಮಾಡದಲ್ಲಿಟ್ಟ.

ನಿಮ್ಮ ಬಾಲ್ಕನಿಯ ಕ್ಯಾನಿಗೂ ಇದೇ ತಕ್ಕಡಿ. ಜೀವಾಮೃತದಲ್ಲಿ ಸೂಕ್ಷ್ಮಜೀವಿಗಳಿವೆ, ನಿಜ. ಆದರೆ ಅದು ಹೆಪ್ಪು, ಹಾಲಲ್ಲ. ಸುಭಾಷ್ ಪಾಳೇಕರ್ ಸೂತ್ರದಲ್ಲಿ ಎಕರೆಗೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ. ಜೊತೆಗೆ ಹೊದಿಕೆ, ಅಂದರೆ ಎಲೆ ಕಡ್ಡಿ ಹುಲ್ಲು, ಕಡ್ಡಾಯ. ಆ ಜೀವಿಗಳು ತಿನ್ನೋದು ಅದನ್ನೇ. ಹೊದಿಕೆ ಬಿಟ್ಟು, ಕೊಕೊಪೀಟಿನ ಕುಂಡಕ್ಕೆ ಆನ್‌ಲೈನಿನಲ್ಲಿ ತರಿಸಿದ ಹೆಪ್ಪು ಸುರಿದರೆ ಮೊಸರು ಎಲ್ಲಿಂದ ಬರಬೇಕು? ಅದೇ ಮನೆಯ ತರಕಾರಿ ಸಿಪ್ಪೆ ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಕೊಂಡು ಕಸದ ಗಾಡಿ ಹತ್ತುತ್ತೆ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಎರಡು ಎಮ್ಮೆ, ನಾಲ್ಕು ಎಕರೆ. ತಿಪ್ಪಿಯಲ್ಲಿ ವರ್ಷಕ್ಕೆ ಹದಿನೈದು ಚಕ್ಕಡಿ ಆಗುತ್ತೆ. ನಾಲ್ಕೂ ಎಕರೆಗೆ ಸ್ವಲ್ಪ ಸ್ವಲ್ಪ ಹರವೋಣ ಅಂತ ನಾನಂದೆ. ‘ಹಂಗ ಮಾಡಿದ್ರ ಯಾವ ಹೊಲಕ್ಕೂ ಹೊಟ್ಟಿ ತುಂಬೂದಿಲ್ಲೋ ತಮ್ಮಾ’ ಅಂದ ಅಪ್ಪ. ವರ್ಷಕ್ಕೊಂದು ಎಕರೆ, ಪಾಳಿ ಪ್ರಕಾರ, ಪೂರ್ತಿ ತಿಪ್ಪಿ ಅದಕ್ಕೇ. ಉಳಿದ ಮೂರಕ್ಕೆ ಸರ್ಕಾರಿ ಗೊಬ್ಬರ. ಈ ವರ್ಷ ಕೆರೆ ಕಡೆಯ ಎಕರೆಯ ಪಾಳಿ.