ಪ್ಯಾರಿಸ್ ಕಾದಂಬರಿಗಳಲ್ಲಿ ಒಲವು ಮತ್ತು ಬವಣೆ

ಪ್ರೇಮಕಥೆಗೆ ಒಬ್ಬ ವೈರಿ ಬೇಕು. ಹಳೆಯ ಕಾವ್ಯಗಳಲ್ಲಿ ಆ ವೈರಿ ಶಾಪವಾಗಿ ಬರುತ್ತಾನೆ, ವಿಧಿಯಾಗಿ ಬರುತ್ತಾನೆ, ಇಲ್ಲವೆ ಕಲ್ಲೆದೆಯ ತಂದೆಯಾಗಿ ಬರುತ್ತಾನೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಾದಂಬರಿಕಾರರು ಈ ವೈರಿಯ ರೂಪವನ್ನೇ ಬದಲಿಸಿದರು. ಅವರ ಕಥೆಗಳಲ್ಲಿ ಒಲಿದವರನ್ನು ಅಗಲಿಸುವುದು ಗಡುವಿಗೆ ಸರಿಯಾಗಿ ಬಾಗಿಲು ತಟ್ಟುವ ಮನೆಬಾಡಿಗೆ, ದಿನದ ಕೂಲಿ, ತೀರದ ಸಾಲ. ಅವರಷ್ಟು ಚೊಕ್ಕಟವಾಗಿ ಬಡವರ ಜಮಾಖರ್ಚು ಬರೆದಿಟ್ಟ ಕಥೆಗಾರರು ಅದಕ್ಕೆ ಮುಂಚೆ ವಿರಳ. ಆ ಲೆಕ್ಕವನ್ನು ಒಣ ವಾಸ್ತವತೆಯೆಂದು ಕರೆಯುವುದು ರೂಢಿ. ಅದೇ ಅವರ ಕರುಣೆಯ ರೀತಿ ಎಂಬುದು ನನ್ನ ನಂಬಿಕೆ.

ಇದಕ್ಕೊಂದು ಚಾರಿತ್ರಿಕ ಹಿನ್ನೆಲೆಯುಂಟು. 1801ರಲ್ಲಿ ಪ್ಯಾರಿಸಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. 1846ರ ಹೊತ್ತಿಗೆ ಅದು ಹತ್ತು ಲಕ್ಷವನ್ನು ದಾಟಿತ್ತು. ಹಳ್ಳಿಗಳಿಂದ ಬಂದವರೆಲ್ಲ ಹಳೆಯ ಓಣಿಗಳಲ್ಲೇ, ಬೆಳಕಿಲ್ಲದ ಕೋಣೆಗಳಲ್ಲೇ ತುಂಬಿಕೊಂಡರು. 1832ರ ಕಾಲರಾ ಆ ಒಂದೇ ನಗರದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 1836ರಲ್ಲಿ ಎಮಿಲ್ ದ ಜಿರಾರ್ದ್ಯಾಂ ಎಂಬಾತ ಜಾಹೀರಾತಿನ ಬಲದಿಂದ ಅರ್ಧ ಬೆಲೆಗೆ 'ಲಾ ಪ್ರೆಸ್' ಪತ್ರಿಕೆಯನ್ನು ಹೊರಡಿಸಿ, ಅದರಲ್ಲಿ ಕಾದಂಬರಿಯನ್ನು ಧಾರಾವಾಹಿಯಾಗಿ ಅಚ್ಚು ಹಾಕಿದ. ಕಾದಂಬರಿ ಹೀಗೆ ರೊಟ್ಟಿಯ ಬೆಲೆ ಬಲ್ಲ ಓದುಗರ ಕೈಗೆ ಬಂತು.

ಆ ಲೆಕ್ಕದ ಮೊದಲ ದೊಡ್ಡ ಗುರು ಬಾಲ್ಜಾಕ್. ಸ್ವತಃ ಜೀವನವಿಡೀ ಸಾಲದಲ್ಲಿ ಮುಳುಗಿದ್ದವನು. 1835ರಲ್ಲಿ ಪುಸ್ತಕವಾಗಿ ಬಂದ ಅವನ 'ಮುದುಕ ಗೋರಿಯೊ' ಕಾದಂಬರಿಯಲ್ಲಿ ಶಾವಿಗೆ ವ್ಯಾಪಾರದಿಂದ ಹಣ ಮಾಡಿದ ತಂದೆಯೊಬ್ಬನಿದ್ದಾನೆ. ಅವನು ವೋಕೇ ಎಂಬಾಕೆಯ ವಸತಿಗೃಹಕ್ಕೆ ಬಂದಾಗ ಮೊದಲ ಅಂತಸ್ತಿನಲ್ಲಿ ವರ್ಷಕ್ಕೆ 1200 ಫ್ರಾಂಕ್ ಕೊಟ್ಟು ನೆಲೆಸುತ್ತಾನೆ. ಬಳಿಕ ಎರಡನೆಯ ಅಂತಸ್ತಿಗೆ ಏರಿ 900 ಫ್ರಾಂಕಿಗೆ ಇಳಿಯುತ್ತಾನೆ. ಕೊನೆಗೆ ಮೂರನೆಯ ಅಂತಸ್ತು, ತಿಂಗಳಿಗೆ 45 ಫ್ರಾಂಕ್. ಲಿಫ್ಟ್ ಇಲ್ಲದ ಕಾಲದ ಪ್ಯಾರಿಸಿನಲ್ಲಿ ಮೇಲೇರಿದಷ್ಟೂ ಬಡತನ. ಉಳಿದ ಹಣವೆಲ್ಲ ಸಿರಿವಂತರ ಮನೆ ಸೇರಿದ ಇಬ್ಬರು ಹೆಣ್ಣುಮಕ್ಕಳ ಪಾಲು. ಅವರ ಸಲುವಾಗಿ ಬೆಳ್ಳಿಯ ಪಾತ್ರೆಗಳನ್ನೂ ಅವನು ಕೈಯಾರೆ ಹಿಚುಕಿ ಮಾರುತ್ತಾನೆ. ಅವನ ಶವಯಾತ್ರೆಗೆ ಮಕ್ಕಳು ಬರಲಿಲ್ಲ. ಅವರ ಖಾಲಿ ಸಾರೋಟುಗಳು ಬಂದವು. ವಾತ್ಸಲ್ಯದ ಬಗ್ಗೆ ಬಾಲ್ಜಾಕ್ ಉಪನ್ಯಾಸ ಮಾಡುವುದಿಲ್ಲ, ಮೆಟ್ಟಿಲುಗಳನ್ನು ಎಣಿಸುತ್ತಾನೆ.

ಆನ್ರಿ ಮ್ಯುರ್ಜೇಯ ಹೆಸರು ಇಂದು ಅಷ್ಟಾಗಿ ಕೇಳಿಬರುವುದಿಲ್ಲ. ಕಟ್ಟಡವೊಂದರ ಬಾಗಿಲು ಕಾಯುತ್ತ ದರ್ಜಿ ಕೆಲಸ ಮಾಡುತ್ತಿದ್ದವನ ಮಗ ಅವನು. ಬಡ ಕವಿ–ಕಲಾವಿದರ ಬದುಕನ್ನು ಕುರಿತ ಅವನ ಚಿತ್ರಗಳು 1845ರಿಂದ ಪತ್ರಿಕೆಯಲ್ಲಿ ಬಂದು 1851ರಲ್ಲಿ ಪುಸ್ತಕವಾದವು. ಪೂಚೀನಿಯ 1896ರ ಸಂಗೀತನಾಟಕ 'ಲಾ ಬೊಹೆಮ್' ಹುಟ್ಟಿದ್ದು ಇದರಿಂದಲೇ. ನಾಟಕದಲ್ಲಿ ಮಿಮಿ ಪ್ರಿಯನ ಕೋಣೆಯಲ್ಲಿ, ಗೆಳೆಯರ ನಡುವೆ ಕಣ್ಣು ಮುಚ್ಚುತ್ತಾಳೆ. ಪುಸ್ತಕದಲ್ಲಿ ಆ ಭಾಗ್ಯವಿಲ್ಲ. ಕ್ಷಯರೋಗಿ ಮಿಮಿ ಧರ್ಮಾಸ್ಪತ್ರೆ ಸೇರುತ್ತಾಳೆ. ಎಂಟನೆಯ ನಂಬರಿನ ರೋಗಿ ಸತ್ತಳೆಂಬ ಸುದ್ದಿ ರೊದೊಲ್ಫನಿಗೆ ತಲುಪುತ್ತದೆ. ನಿಜವಾಗಿ ಅವಳ ಹಾಸಿಗೆ ಬದಲಾಗಿತ್ತು, ಅಷ್ಟೆ. ತಪ್ಪು ತಿಳಿದು ಅವನು ಓಡಿ ಬರುವಷ್ಟರಲ್ಲಿ, ಅವನ ಹಾದಿ ಕಾದು ಕಾದು ಅವಳು ನಿಜವಾಗಿಯೇ ತೀರಿಹೋಗಿದ್ದಾಳೆ. ದೇಹ ಅನಾಥರ ಗುಂಡಿಗೆ ಹೊರಟಿದೆ. ಸಂಗೀತನಾಟಕ ಸಾವನ್ನು ಸುಂದರಗೊಳಿಸಿತು. ಪುಸ್ತಕವು ಬಡವಳೊಬ್ಬಳು ಹೇಗೆ ನಂಬರಾಗಿಬಿಡುತ್ತಾಳೆಂದು ತೋರಿಸಿತು.

ವಿಕ್ಟರ್ ಹ್ಯೂಗೊ ರಮ್ಯ ಪಂಥದ ಮುಂದಾಳು. ಆದರೆ 1862ರ 'ಲೆ ಮಿಸೆರಾಬ್ಲ್' ಕಾದಂಬರಿಯಲ್ಲಿ ಅವನೂ ಲೆಕ್ಕ ಬಿಡುವುದಿಲ್ಲ. ಪ್ಯಾರಿಸಿನ ವಿದ್ಯಾರ್ಥಿಯೊಬ್ಬ ಫಾಂತೀನಳನ್ನು ಒಲಿಸಿಕೊಂಡು, ಒಂದು ದಿನ ವಿನೋದವೆಂಬಂತೆ ಪತ್ರ ಬರೆದಿಟ್ಟು ಹೊರಟುಹೋಗುತ್ತಾನೆ. ಮಗುವನ್ನು ಪರರ ಬಳಿ ಬಿಟ್ಟು ತವರೂರಿಗೆ ಮರಳಿದ ಅವಳು ಅಂಗಿ ಹೊಲಿದು ದಿನಕ್ಕೆ 12 ಸೂ ಗಳಿಸುತ್ತಾಳೆ. ಇಪ್ಪತ್ತು ಸೂ ಸೇರಿದರೆ ಒಂದು ಫ್ರಾಂಕ್. ಆ ಹನ್ನೆರಡರಲ್ಲಿ 10 ಮಗುವಿನ ಖರ್ಚಿಗೆ. ಅಷ್ಟರಲ್ಲಿ ಗುತ್ತಿಗೆದಾರನೊಬ್ಬ ಸೆರೆಮನೆಯ ಹೆಂಗಸರಿಂದ ಅಗ್ಗಕ್ಕೆ ಹೊಲಿಸತೊಡಗಿದ್ದರಿಂದ ಕೂಲಿ 9 ಸೂಗೆ ಇಳಿಯುತ್ತದೆ. ಕೂದಲು 10 ಫ್ರಾಂಕಿಗೆ ಹೋಗುತ್ತದೆ, ಮುಂದಿನ ಎರಡು ಹಲ್ಲುಗಳು 40 ಫ್ರಾಂಕಿಗೆ. ಅನಂತರ ಮಾರಲು ಉಳಿಯುವುದು ದೇಹವೊಂದೇ. ಇನ್ನೊಂದು ಮಾತನ್ನೂ ಗಮನಿಸಬೇಕು: ಅವಳ ಮಗಳು ಕೊಸೆತ್ ಮತ್ತು ಮಾರಿಯುಸ್ ಇವರ ಒಲವು ಮದುವೆಯಲ್ಲಿ ಫಲಿಸಿದಾಗ, ಜೀನ್ ವಾಲ್ಜೀನ್ ಮೇಜಿನ ಮೇಲಿಡುವ ಸುಮಾರು ಆರು ಲಕ್ಷ ಫ್ರಾಂಕುಗಳ ಲೆಕ್ಕವನ್ನೂ ಹ್ಯೂಗೊ ಮರೆಯುವುದಿಲ್ಲ. ಸೋಲಿನಷ್ಟೇ ಗೆಲುವಿಗೂ ಬೆಲೆಯುಂಟು.

ಈ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದವನು ಎಮಿಲ್ ಜೋಲಾ. 'ಲಸೊಮ್ವಾರ್' 1876ರಲ್ಲಿ 'ಲ ಬ್ಯಾಂ ಪ್ಯುಬ್ಲಿಕ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಗಿ, ಓದುಗರ ಗಲಾಟೆಯಿಂದ ನಡುವೆ ನಿಂತು, ಬೇರೊಂದು ಪತ್ರಿಕೆಯಲ್ಲಿ ಮುಂದುವರಿದು, 1877ರಲ್ಲಿ ಪುಸ್ತಕವಾಯಿತು. ಪ್ರಿಯಕರ ಕೈಬಿಟ್ಟ ಜೆರ್ವೇಸ್ ಎಂಬ ಅಗಸಗಿತ್ತಿ, ತಗಡಿನ ಕೆಲಸದ ಕೂಪೊ ಎಂಬವನನ್ನು ಮದುವೆಯಾಗುತ್ತಾಳೆ. ಅವಳ ಆಸೆಗಳು ಸಣ್ಣವು: ಕೆಲಸವಿರಬೇಕು, ಹೊಟ್ಟೆಗೆ ರೊಟ್ಟಿಯಿರಬೇಕು, ಗಂಡ ಹೊಡೆಯಬಾರದು, ತನ್ನ ಹಾಸಿಗೆಯ ಮೇಲೆ ಸಾಯಬೇಕು. ಮಾಡಿನ ಮೇಲಿಂದ ಬಿದ್ದ ಗಂಡನನ್ನು ಆಸ್ಪತ್ರೆಗೆ ಕಳುಹಿಸಲು ಅವಳಿಗೆ ಮನಸ್ಸು ಬಾರದು. ಸ್ವಂತ ಅಂಗಡಿಗೆಂದು ಕೂಡಿಟ್ಟ ಹಣವನ್ನೆಲ್ಲ ಮನೆಯ ಆರೈಕೆಗೆ ಸುರಿಯುತ್ತಾಳೆ. ಅಲ್ಲಿಂದಲೇ ಪತನದ ಆರಂಭ. ಅಂಗಡಿಯೇನೋ ಏಳುತ್ತದೆ, ಅವಳನ್ನು ಮೌನವಾಗಿ ಪ್ರೀತಿಸುವ ಕಮ್ಮಾರ ಗೂಜೇ ಸಾಲ ಕೊಟ್ಟ 500 ಫ್ರಾಂಕಿನಿಂದ. ಆದರೆ ಕೆಲಸದ ರುಚಿ ಕಳೆದುಕೊಂಡ ಗಂಡ ಹೆಂಡದಂಗಡಿಯ ಪಾಲಾಗುತ್ತಾನೆ. ಕಾಲಕ್ರಮದಲ್ಲಿ ಅವಳೂ ಕೂಡ. ಒಸ್ಮಾನನ ಕಾಲದ ಹೊಸ ರಾಜಬೀದಿಗಳು ಸುತ್ತ ತೆರೆದುಕೊಳ್ಳುತ್ತಿರುವಾಗ ಅವಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಸಾಯುತ್ತಾಳೆ. ಅದು ನೆರೆಯವರಿಗೆ ತಿಳಿಯುವುದು ವಾಸನೆಯಿಂದ. ಈ ಪುಸ್ತಕದ ಆದಾಯದಿಂದಲೇ ಜೋಲಾ 1878ರಲ್ಲಿ ಮೆದಾನಿನಲ್ಲಿ ಮನೆ ಕೊಂಡನೆಂಬುದು ಸಾಹಿತ್ಯಚರಿತ್ರೆಯ ಕಹಿ ವ್ಯಂಗ್ಯಗಳಲ್ಲೊಂದು.

ಸಂಪ್ರದಾಯಸ್ಥರು ಇದನ್ನು ಹೊಲಸು ಎಂದರು. ಪ್ರಜಾಸತ್ತೆಯ ಪರವಾಗಿದ್ದ ಕೆಲವರು ಕಾರ್ಮಿಕರಿಗೆ ಅವಮಾನವೆಂದರು. ಹಣದ ತಕ್ಕಡಿಯಲ್ಲಿ ತೂಗಿ ಪ್ರೀತಿಯನ್ನು ಕುಬ್ಜಗೊಳಿಸಿದರೆಂಬ ಆಕ್ಷೇಪ ಈ ಲೇಖಕರೆಲ್ಲರಿಗೂ ಅನ್ವಯಿಸುವಂತೆ ಕೇಳಿಬರುವುದುಂಟು. ನನಗೆ ಹಾಗೆ ತೋರುವುದಿಲ್ಲ. ಜೆರ್ವೇಸಳ ಉಳಿತಾಯದ ಹಣ ಎಲ್ಲಿ ಹೋಯಿತೆಂದು ಬಲ್ಲವನು ಅವಳನ್ನು ಸೋಮಾರಿ, ಕುಡುಕಿ ಎಂದು ಹೇಳಿ ಸುಮ್ಮನಾಗಲಾರ. ನೀತಿ ಹೇಳುವವನಿಗೆ ಕೊನೆಯ ದೃಶ್ಯ ಸಾಕು. ಲೆಕ್ಕ ಇಡುವವನು ಮೊದಲ ಪುಟದಿಂದ ಬರಬೇಕಾಗುತ್ತದೆ, ಹಾಗೆ ಬಂದವನು ಶಪಿಸಲಾರ. ಅಷ್ಟೇ ಅಲ್ಲ, ಬಡವರ ಪ್ರೀತಿಯನ್ನು ಅಳೆಯಲು ಇದಕ್ಕಿಂತ ನಿಷ್ಠುರವಾದ, ಗೌರವಯುತವಾದ ಅಳತೆ ಬೇರೆ ಯಾವುದಿದೆ? ಹನ್ನೆರಡು ಸೂಗಳಲ್ಲಿ ಹತ್ತನ್ನು ಮಗುವಿಗೆ ತೆಗೆದಿಟ್ಟು ಎರಡರಲ್ಲಿ ತಾನು ಬದುಕುವ ತಾಯಿಯನ್ನು ಹೊಗಳಲು ಹ್ಯೂಗೊ ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ. ಉಳಿದದ್ದನ್ನು ಓದುಗನೇ ಕಳೆದು ನೋಡಿಕೊಳ್ಳಬೇಕು.